ಡಿಕ್ ಟ್ರೇಸಿ: ಯಾವುದನ್ನು ಮೊದಲು ನೋಡಬೇಕು?

ನಮಸ್ಕಾರ. 1940ರ ದಶಕದಲ್ಲಿ ಪತ್ತೇದಾರ ಡಿಕ್ ಟ್ರೇಸಿಯ ಮೇಲೆ ಬಂದ ಸಿನಿಮಾಗಳಲ್ಲಿ ಅಂಥದ್ದೇನಿದೆ, ಯಾವುದರಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ನನಗೆ ತುಂಬಾ ಇಷ್ಟವಾದ ಸಿನಿಮಾಗಳು ಇವು.

1945ರಿಂದ 1947ರವರೆಗೆ ಹಾಲಿವುಡ್‌ನ ಆರ್‌ಕೆಒ ಕಂಪನಿ ಇಂಥ ನಾಲ್ಕು ಸಿನಿಮಾ ತೆಗೆಯಿತು. ಒಂದೊಂದೂ ಸುಮಾರು ಒಂದು ಗಂಟೆ, ಅಷ್ಟೇ. ಮೊದಲೆರಡರಲ್ಲಿ ಟ್ರೇಸಿಯಾಗಿ ಮಾರ್ಗನ್ ಕಾನ್ವೇ, ಕೊನೆಯೆರಡರಲ್ಲಿ ರಾಲ್ಫ್ ಬರ್ಡ್. ನನಗೆ ಬರ್ಡ್ ಜಾಸ್ತಿ ಒಪ್ಪುತ್ತಾರೆ. 1937ರಲ್ಲಿ ಚಿತ್ರಮಂದಿರಗಳಲ್ಲಿ ಕಂತುಕಂತಾಗಿ ಬಂದ ಸೀರಿಯಲ್‌ನಲ್ಲೂ ಅವರೇ ಟ್ರೇಸಿ.

ನೀವು 'ಡಿಕ್ ಟ್ರೇಸಿ ಮೀಟ್ಸ್ ಗ್ರೂಸಮ್' (1947) ನೋಡಿ. ಬೋರಿಸ್ ಕಾರ್ಲಾಫ್ ಖಳನಾಯಕ. ಬ್ಯಾಂಕಿನಲ್ಲಿ ಒಂದು ಗ್ಯಾಸ್ ಹರಡುತ್ತದೆ, ಜನ ಇದ್ದಲ್ಲೇ ಕಲ್ಲಾಗುತ್ತಾರೆ. ಕಳ್ಳರು ಅವರ ನಡುವೆ ಆರಾಮಾಗಿ ಓಡಾಡಿ ದುಡ್ಡು ಬಾಚುತ್ತಾರೆ. ಟ್ರೇಸಿಯ ಹುಡುಗಿ ಟೆಸ್ ಫೋನ್ ಬೂತ್ ಒಳಗಿದ್ದದ್ದರಿಂದ ಅವಳಿಗೇನೂ ಆಗುವುದಿಲ್ಲ. ಅಲ್ಲಿಂದಲೇ ಟ್ರೇಸಿಗೆ ಫೋನ್ ಮಾಡುತ್ತಾಳೆ! ಯೋಚಿಸಿ, ಈ ದೃಶ್ಯಕ್ಕೆ ಖರ್ಚೇನು? ನಟರು ಅಲುಗಾಡದೆ ನಿಂತರೆ ಸಾಕು. ಆದರೂ ಮೈ ಜುಮ್ಮೆನ್ನುತ್ತದೆ.

ದುಡ್ಡು ಕಡಿಮೆ ಇದ್ದದ್ದು ಇವಕ್ಕೆ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಈ ಸಿನಿಮಾಗಳಿಗೆ ಮೂಲವಾದ, ಚೆಸ್ಟರ್ ಗೂಲ್ಡ್ ಪತ್ರಿಕೆಗಳಿಗಾಗಿ 1931ರಲ್ಲಿ ಶುರು ಮಾಡಿದ ಡಿಕ್ ಟ್ರೇಸಿ ಕಾಮಿಕ್ಸ್‌ನಲ್ಲೂ ದಟ್ಟ ಕಪ್ಪು ಶಾಯಿ, ವಿಕಾರ ಮುಖಗಳು, ಸುತ್ತಿಬಳಸದ ಕಥೆ. ಒಂದು ಬೀದಿದೀಪ, ಗೋಡೆ ಮೇಲೊಂದು ನೆರಳು ಇದ್ದರೆ ಅದೇ ಲೋಕ ತೆರೆಗೆ ಬಂದುಬಿಡುತ್ತದೆ, ಅಲ್ವಾ?

ಆಮೇಲೆ ಅದೇ ವರ್ಷದ 'ಡಿಕ್ ಟ್ರೇಸೀಸ್ ಡೈಲೆಮಾ' ನೋಡಿ. ಕೈಯ ಜಾಗದಲ್ಲಿ ಕಬ್ಬಿಣದ ಕೊಕ್ಕೆ ಇರುವ ಖಳ ಅದರಲ್ಲಿದ್ದಾನೆ. ರಾತ್ರಿ, ದೀಪ ಆರಿಸಿಕೊಂಡು ನೋಡಿ.