ಕಾಫಿ ಕ್ಯೂರಿಂಗ್ ಘಟಕಕ್ಕೆ ಕಲರ್ ಸಾರ್ಟರ್, ಫೇಸ್ ಹಾಜರಿ, ಕ್ಯಾಮೆರಾ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಸಾಕಾ?

ನಿಮ್ಮದು ಚಿಕ್ಕಮಗಳೂರು ಹತ್ತಿರದ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ) ಘಟಕ, ಎಂಬತ್ತು ಜನ ಕೆಲಸಕ್ಕಿದ್ದಾರೆ, ಹೆಚ್ಚಿನವರು ಬೀಜ ಆರಿಸುವ ಹೆಂಗಸರು ಅಂತ ಬರೆದಿದ್ದೀರಿ. ಬಣ್ಣ ನೋಡಿ ಕೆಟ್ಟ ಬೀಜ ಬೇರೆ ಮಾಡುವ ಕಲರ್ ಸಾರ್ಟರ್ ತರಬೇಕು, ಮುಖ ನೋಡಿ ಹಾಜರಿ ಹಾಕುವ ಯಂತ್ರ ಕೂರಿಸಬೇಕು, ಯಾರು ಎಷ್ಟು ಹೊತ್ತು ಕೆಲಸ ಮಾಡಿದರು ಅಂತ ಕ್ಯಾಮೆರಾದಿಂದಲೇ ಲೆಕ್ಕ ತೆಗೆದು ಸಂಬಳ ಕಡಿತ ಮಾಡುವ ಸಾಫ್ಟ್‌ವೇರನ್ನೂ ಹಾಕಬೇಕು ಅಂತಿದ್ದೀರಿ. ಎಲ್ಲರಿಂದ ಒಂದು ಒಪ್ಪಿಗೆ ಪತ್ರ ಬರೆಸಿಕೊಂಡರೆ ಸಾಕಾ ಅನ್ನುವುದು ನಿಮ್ಮ ಪ್ರಶ್ನೆ.

ಸಾಲದು. ಹಾಸನದಲ್ಲಿ ಸಣ್ಣ ಕಾರ್ಖಾನೆಗಳ ಮಸ್ಟರ್ ರೋಲ್ (ಹಾಜರಿ ಪುಸ್ತಕ), ಪಿಎಫ್, ಇಎಸ್‌ಐ ಕೆಲಸ ನೋಡಿಕೊಳ್ಳುವವನು ನಾನು. ಇಂಥ ಪತ್ರಗಳು ಕೈಗೆ ಬರುತ್ತಲೇ ಇರುತ್ತವೆ: ಇಂಗ್ಲಿಷಿನಲ್ಲಿ ಎರಡು ಪುಟ, ಕೊನೆಯಲ್ಲಿ ಹೆಬ್ಬೆಟ್ಟು. ನೀವು ತರುತ್ತಿರುವ ಮೂರಕ್ಕೂ ಮೂರು ಬೇರೆ ಕಾನೂನುಗಳು ತಗಲುತ್ತವೆ. ಅವುಗಳಲ್ಲಿ ಎರಡರಲ್ಲಿ ಕೆಲಸಗಾರರ ಸಹಿಯಿಂದ ನಿಮ್ಮ ಹೊಣೆ ಒಂದಿಷ್ಟೂ ಇಳಿಯುವುದಿಲ್ಲ.

ಮೊದಲು ಸಾರ್ಟರ್. ಯಂತ್ರ ತರಲು ಕೆಲಸಗಾರರ ಅಪ್ಪಣೆ ಬೇಡ. ಆದರೆ ಅದರಿಂದ ಜನ ಕಡಿಮೆಯಾಗುವ ಸಂಭವ ಇದ್ದರೆ, ಕೈಗಾರಿಕಾ ಬಾಂಧವ್ಯ ಸಂಹಿತೆಯ 40ನೇ ಕಲಮಿನಂತೆ ಮೊದಲೇ ನೋಟಿಸ್ ಕೊಡಬೇಕು, ಕೊಟ್ಟು 21 ದಿನ ಆಗುವ ತನಕ ಬದಲಾವಣೆ ಜಾರಿ ಮಾಡುವಂತಿಲ್ಲ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೂ ಇದೇ ಇತ್ತು. 2025ರ ನವೆಂಬರ್ 21ರಿಂದ ಈ ಸಂಹಿತೆಯೂ ಸೇರಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೂ ಆ ಅಂಶ ಹಾಗೇ ಉಳಿದಿದೆ. ಒಂದು ವರ್ಷ ಸತತ ಸೇವೆ ಆದವರನ್ನು, ಅಂದರೆ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದವರನ್ನು ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನದಂತೆ ಪರಿಹಾರ. ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು ಅನ್ನುವುದು ಸಾಮಾನ್ಯ ನಿಯಮ. ವರ್ಷದೊಳಗೆ ಮತ್ತೆ ಜನ ಬೇಕಾದರೆ ತೆಗೆದವರಿಗೇ ಮೊದಲ ಅವಕಾಶ. ಸಂಹಿತೆ ಹೊಸದಾಗಿ ಸೇರಿಸಿರುವುದು ಮರುಕೌಶಲ ನಿಧಿ, ಅಂದರೆ ಕೆಲಸ ಹೋದವರು ಹೊಸ ಕೆಲಸ ಕಲಿಯಲು ನೆರವಾಗುವ ಹಣ: ತೆಗೆದ ಪ್ರತಿಯೊಬ್ಬರ ಹೆಸರಲ್ಲಿ ನೀವು 15 ದಿನದ ಸಂಬಳ ಕಟ್ಟಬೇಕು, ಅದು 45 ದಿನದೊಳಗೆ ಅವರ ಖಾತೆಗೆ ಹೋಗಬೇಕು. ಸರ್ಕಾರದ ಪೂರ್ವಾನುಮತಿ ಬೇಕಾಗುವುದು 300 ಜನರಿರುವ ಕಡೆ. ನಿಮಗೆ ಆ ತೊಂದರೆಯಿಲ್ಲ.

ಸೀಸನ್ ಕೆಲಸ, 240 ದಿನ ಯಾರಿಗೂ ತುಂಬುವುದಿಲ್ಲ ಅಂತ ನಿಮಗೆ ಯಾರಾದರೂ ಹೇಳಬಹುದು. ಮಸ್ಟರ್ ರೋಲ್ ತೆಗೆದು ಒಬ್ಬೊಬ್ಬರದೇ ಎಣಿಸಿ ನೋಡಿ. ಸಂಬಳ ಸಮೇತ ರಜೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಸೀಸನ್ ಮುಗಿದ ಮೇಲೂ ಗೋಣಿಚೀಲ ಹೊಲಿಯಲು, ಗೋದಾಮು ಗುಡಿಸಲು ಬರುವ ಹೆಂಗಸರು ಎಲ್ಲ ಕಡೆ ಇರುತ್ತಾರೆ, ಅವರ ದಿನಗಳು ಸದ್ದಿಲ್ಲದೆ ತುಂಬಿರುತ್ತವೆ.

ಇನ್ನೊಂದು ಮಾತು, ಇದು ಕಾನೂನಿನದಲ್ಲ. ಸಾರ್ಟರ್‌ನಲ್ಲಿ ಬೀಜ ಇಳಿಜಾರಿನಲ್ಲಿ ಜಾರಿ ಬರುತ್ತದೆ, ಕ್ಯಾಮೆರಾ ಬಣ್ಣ ನೋಡುತ್ತದೆ, ಕಪ್ಪಾಗಿದ್ದರೆ ಗಾಳಿ ಪುಸ್ ಅಂತ ಊದಿ ಅದನ್ನು ಆಚೆ ತಳ್ಳುತ್ತದೆ. ಬಣ್ಣ ಸರಿಯಿದ್ದು ವಾಸನೆ ಕೆಟ್ಟ ಬೀಜ ಅದರ ಕಣ್ಣಿಗೆ ಬೀಳುವುದು ಕಷ್ಟ. ಇಪ್ಪತ್ತು ವರ್ಷ ಆರಿಸಿದ ಹೆಂಗಸು ಅದನ್ನು ಕೈಗೆ ತೆಗೆದುಕೊಂಡ ಕೂಡಲೇ ಹಿಡಿಯುತ್ತಾಳೆ. ಯಾರನ್ನು ಕಳಿಸಬೇಕು ಅಂತ ಯೋಚಿಸುವ ಮೊದಲು, ಸಾರ್ಟರ್ ಆದಮೇಲಿನ ಕೊನೇ ಪರೀಕ್ಷೆಗೆ ಯಾರು ಬೇಕು ಅಂತ ಯೋಚಿಸಿ.

ಈಗ ಹಾಜರಿ ಯಂತ್ರ. ನೌಕರಿಗೆ ಸಂಬಂಧಪಟ್ಟ ಕೆಲಸಕ್ಕೆ ನೌಕರರ ಮಾಹಿತಿ ಬಳಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮು ಒಪ್ಪಿಗೆ ಇಲ್ಲದೆಯೂ ಅವಕಾಶ ಕೊಡುತ್ತದೆ. ಒಪ್ಪಿಗೆಯನ್ನೇ ನೆಚ್ಚಿಕೊಂಡರೆ ಅದು ಸ್ವಇಚ್ಛೆಯಿಂದ ಕೊಟ್ಟದ್ದಾಗಿರಬೇಕು, ಇಂಥದ್ದಕ್ಕೇ ಅಂತ ಇರಬೇಕು, ನೋಟಿಸನ್ನು ಕನ್ನಡದಲ್ಲಿ ಓದಿಕೊಳ್ಳುವ ಅವಕಾಶ ಇರಬೇಕು. ಸಹಿ ಹಾಕದಿದ್ದರೆ ನಾಳೆ ಬರಬೇಡ ಅನ್ನುವ ಜಾಗದಲ್ಲಿ ಸ್ವಇಚ್ಛೆ ಎಲ್ಲಿಂದ ಬರಬೇಕು? ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಅಲ್ಲಿಯವರೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿಯ 2011ರ ನಿಯಮಗಳಿವೆ. ಅವುಗಳಲ್ಲಿ ಬೆರಳಚ್ಚು, ಮುಖದ ಗುರುತು ಎರಡೂ ಸೂಕ್ಷ್ಮ ಮಾಹಿತಿ. ಉದ್ದೇಶ ತಿಳಿಸಿ ಬರಹದಲ್ಲಿ ಒಪ್ಪಿಗೆ ಪಡೆಯಲೇಬೇಕು. ನಿಮ್ಮ ಪತ್ರಕ್ಕೆ ಬೆಲೆ ಇರುವುದು ಇಲ್ಲಿ ಮಾತ್ರ, ಅದೂ ಅದು ಕನ್ನಡದಲ್ಲಿದ್ದು ನೀವೇ ಓದಿ ಹೇಳಿದ್ದರೆ.

ಮುಖದ ದತ್ತಾಂಶ ವೆಂಡರ್‌ನ ಸರ್ವರ್‌ನಲ್ಲಿ ಇದ್ದರೂ 2023ರ ದತ್ತಾಂಶ ಕಾಯ್ದೆ ಹೊಣೆ ಹೊರಿಸುವುದು ನಿಮ್ಮ ಮೇಲೆಯೇ. ಕಾಪಾಡುವ ಕ್ರಮ ಕೈಗೊಳ್ಳದೆ ಸೋರಿಕೆಯಾದರೆ ದಂಡದ ಮಿತಿ 250 ಕೋಟಿ ರೂಪಾಯಿವರೆಗೆ ಇದೆ. ಆದ್ದರಿಂದ ಕೆಲಸ ಬಿಟ್ಟವರ ಮುಖದ ದತ್ತಾಂಶ ಯಾವಾಗ ಅಳಿಸುತ್ತಾರೆ, ಬೇರೆ ಯಾವುದಕ್ಕೂ ಬಳಸುವುದಿಲ್ಲವಾ ಅನ್ನುವುದು ಕರಾರಿನಲ್ಲಿ ಇರಲೇಬೇಕು.

ಮೂರನೆಯದು, ತಾನೇ ಸಂಬಳ ಕಡಿತ ಮಾಡುವ ಸಾಫ್ಟ್‌ವೇರ್. ಇದನ್ನು ದಯವಿಟ್ಟು ಬೇಡ ಅನ್ನುತ್ತೇನೆ.

ಹಾಸನದ ಒಂದು ಘಟಕದಲ್ಲಿ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಹೊಟ್ಟಿನ ದೂಳಿಗೆ ಹೆಂಗಸರು ತಲೆಗೂ ಮೂಗಿಗೂ ಬಟ್ಟೆ ಕಟ್ಟಿಕೊಂಡೇ ಬರುತ್ತಾರೆ. ಬೆಳಿಗ್ಗೆ ಗೇಟಿನ ಹತ್ತಿರ ಸಾಲು, ಹಿಂದಿನವರು ತಳ್ಳುತ್ತಿರುತ್ತಾರೆ, ಯಂತ್ರ ಒಬ್ಬಳ ಮುಖ ಹಿಡಿಯಲಿಲ್ಲ, ಅವಳು ಹಾಗೇ ಒಳಗೆ ಹೋಗಿ ದಿನವಿಡೀ ಆರಿಸಿದಳು. ಮೇಸ್ತ್ರಿಯ ಪುಸ್ತಕದಲ್ಲಿ ಅವಳು ಹಾಜರು. ಬಟವಾಡೆ ದಿನ ದುಡ್ಡು ಕಡಿಮೆ. ಕೇಳಿದ್ದಕ್ಕೆ ಆಫೀಸಿನವರು, 'ಸಿಸ್ಟಮ್‌ನಲ್ಲಿ ಹಾಗೇ ಬಂದಿದೆ ಕಣಮ್ಮ, ನಮ್ಮ ಕೈಲಿಲ್ಲ' ಅಂದರು. ಕಾನೂನು ಒಪ್ಪದಿರುವುದು ಆ ಉತ್ತರವನ್ನೇ. ವೇತನ ಸಂಹಿತೆಯಂತೆ ಕೆಲಸ ಮಾಡಿದ ದಿನವನ್ನು ಗೈರು ಅಂತ ಕಳೆಯುವಂತಿಲ್ಲ. ದಂಡ ಹಾಕಬೇಕಾದರೆ ಅವರ ವಿವರಣೆ ಕೇಳಿಯೇ ಹಾಕಬೇಕು, ಅದೂ ಆ ಅವಧಿಯ ವೇತನದ ಶೇ. 3 ಮೀರಬಾರದು. ದತ್ತಾಂಶ ಕಾಯ್ದೆಯ 8ನೇ ಕಲಮೂ ಇದನ್ನೇ ಇನ್ನೊಂದು ದಾರಿಯಿಂದ ಹೇಳುತ್ತದೆ: ಒಬ್ಬರ ಮೇಲೆ ಪರಿಣಾಮ ಆಗುವ ನಿರ್ಧಾರಕ್ಕೆ ಅವರ ಮಾಹಿತಿ ಬಳಸುವುದಾದರೆ ಅದು ಪೂರ್ಣವಾಗಿದೆ, ಸರಿಯಾಗಿದೆ ಅಂತ ನೋಡಿಕೊಳ್ಳಬೇಕು.

ಕ್ಯಾಮೆರಾ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅಪಾಯ ಇದೆ. ಹೆರಿಗೆಯಾಗಿ ಕೆಲಸಕ್ಕೆ ಮರಳಿದ ತಾಯಿಗೆ, ಮಗುವಿಗೆ 15 ತಿಂಗಳಾಗುವ ತನಕ, ಊಟದ ಬಿಡುವಿನ ಜೊತೆಗೆ ದಿನಕ್ಕೆ ಎರಡು ಹಾಲುಣಿಸುವ ಬಿಡುವು ಕಾನೂನಿನ ಹಕ್ಕು. ಸಾಫ್ಟ್‌ವೇರ್‌ಗೆ ಅದು 'ಸೀಟಿನಲ್ಲಿಲ್ಲ'. ಹಾಗೆ ಲೆಕ್ಕ ಹಾಕಿ ಅವಳ ಸಂಬಳ ಕಡಿದರೆ ಕಾನೂನು ಮುರಿದದ್ದು ವೆಂಡರ್ ಅಲ್ಲ, ನೀವು. ಇಂಥದ್ದನ್ನು ಪ್ರೋಗ್ರಾಮ್ ಬರೆದವರಿಗೆ ಯಾರೂ ಹೇಳಿರುವುದಿಲ್ಲ. ಯಂತ್ರ ಎಣಿಸಲಿ, ಅಡ್ಡಿಯಿಲ್ಲ. ಕಡಿತಕ್ಕೆ ಸಹಿ ಹಾಕುವ ಮನುಷ್ಯ ಒಬ್ಬ ಇರಬೇಕು, ಅವನ ಹೆಸರು ಎಲ್ಲರಿಗೂ ಗೊತ್ತಿರಬೇಕು, ತಪ್ಪಾದರೆ ಅವತ್ತೇ ತಿದ್ದುವ ಅಧಿಕಾರ ಅವನಿಗಿರಬೇಕು. ಕರ್ನಾಟಕ 2025ರಲ್ಲಿ ತಂದ ಗಿಗ್ ಕಾರ್ಮಿಕರ ಕಾಯ್ದೆ ಡೆಲಿವರಿ ಕೆಲಸದಂಥ ಕಡೆಗೆ ಅನ್ವಯ, ನಿಮಗಲ್ಲ. ಆದರೂ ತಮ್ಮ ಮೇಲೆ ನಿಗಾ ಇಟ್ಟು ನಿರ್ಧಾರ ಮಾಡುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕೇಳಿ ತಿಳಿಯುವ ಹಕ್ಕನ್ನು ಅದು ಅವರಿಗೆ ಕೊಟ್ಟಿದೆ. ರಸ್ತೆ ಮೇಲಿನ ಹುಡುಗನಿಗೆ ಇರುವ ಈ ಹಕ್ಕು ನಿಮ್ಮ ಹಾಲ್‌ನಲ್ಲಿ ಕೂತ ಹೆಂಗಸಿಗೆ ಯಾಕೆ ಇರಬಾರದು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ತೀರ್ಪು ಕೊಟ್ಟ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆಧಾರ್ ಬಗ್ಗೆ 2018ರಲ್ಲಿ ಬಂದ ತೀರ್ಪೂ ಅದೇ ಅರ್ಜಿಯದು. ಇದನ್ನು ಯಾಕೆ ಹೇಳಿದೆನೆಂದರೆ ಹಾಜರಿ ಯಂತ್ರದವರು ಎಲ್ಲರ ಆಧಾರ್ ಜೆರಾಕ್ಸ್ ಕೇಳುವುದುಂಟು. ಪಿಎಫ್‌ಗೆ ಆಧಾರ್ ಬೇಕು, ಅದು ಬೇರೆ. ಹಾಜರಿ ಹಾಕಲು ಹೆಸರು, ಹಾಜರಿ ನಂಬರು, ಮುಖ ಇಷ್ಟೇ ಸಾಕು. ಆಧಾರ್ ಜೆರಾಕ್ಸ್ ಕೊಡಬೇಡಿ.

ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಕುಂದುಕೊರತೆ ಸಮಿತಿ ಇರಲೇಬೇಕು, ಹೆಂಗಸರ ಸಂಖ್ಯೆಗೆ ತಕ್ಕಷ್ಟು ಹೆಂಗಸರು ಅದರಲ್ಲಿರಬೇಕು. ಅಡ್ವಾನ್ಸ್ ಕೊಡುವ ಮೊದಲೇ ಸಾರ್ಟರ್ ವಿಷಯವನ್ನು ಆ ಸಮಿತಿಯ ಮುಂದಿಡಿ. ವೆಂಡರ್ ಕಳಿಸಿದ ಕರಾರಿನ ಕರಡು ನಿಮ್ಮ ಹತ್ತಿರ ಇದ್ದರೆ ಹೆಸರು, ವಿಳಾಸ ಅಳಿಸಿ ಇಲ್ಲೇ ಹಾಕಿ. ದತ್ತಾಂಶ ಅಳಿಸುವ ಕಲಮು ಅದರಲ್ಲಿ ಇದೆಯಾ, ಇಲ್ಲವಾ ನೋಡಿ ಹೇಳುತ್ತೇನೆ.