ಹರಾಜಿನ ಕೂಗು ಕೆಲವರಿಗಷ್ಟೇ ಕೇಳುವುದೇಕೆ?

ಪ್ರಶ್ನೆ: ಬ್ರೌಸರ್ ಮತ್ತು ಸರ್ವರ್ ನಡುವೆ ಕ್ಷಣಕ್ಷಣದ ಸಂದೇಶ ಸಾಗಿಸುವ ಸಾಕೆಟ್.ಐಒ ಲೈಬ್ರರಿ ಬಳಸಿ ಹರಾಜಿನ ಜಾಲತಾಣವೊಂದನ್ನು ಕಟ್ಟಿದ್ದೇನೆ. ಒಂದೇ ಪ್ರೊಸೆಸ್ (ಓಡುತ್ತಿರುವ ಸರ್ವರ್ ಪ್ರೋಗ್ರಾಮಿನ ಒಂದು ಪ್ರತಿ) ಇದ್ದಾಗ ಎಲ್ಲವೂ ಸರಿಯಿತ್ತು. ಬಳಕೆದಾರರು ಹೆಚ್ಚಾದರೆಂದು, ಬಂದ ಕೋರಿಕೆಗಳನ್ನು ಹಂಚುವ ಎನ್‌ಜಿನ್‌ಎಕ್ಸ್ ಹಿಂದೆ ನಾಲ್ಕು ಪ್ರೊಸೆಸ್ ಓಡಿಸಿದೆ. ಈಗ ಕೆಲವರಿಗೆ 400 ದೋಷ (ಕೋರಿಕೆ ಸರಿಯಿಲ್ಲವೆಂಬ ಸರ್ವರ್ ಉತ್ತರ) ಬರುತ್ತದೆ. ಸಂಪರ್ಕ ಸಿಕ್ಕರೂ ಒಬ್ಬರು ಕೂಗಿದ ಬೆಲೆ ಎಲ್ಲರಿಗೂ ಕಾಣುವುದಿಲ್ಲ. ತಪ್ಪು ಎಲ್ಲಿದೆ?

ಉತ್ತರ: ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ವಕ್ಕರಿಸಿವೆ. ಒಂದಕ್ಕೆ ಮದ್ದು ಮಾಡಿ, ಇನ್ನೊಂದು ಹೋಗಲಿಲ್ಲವೆಂದು ಹಾಕಿದ ಮದ್ದನ್ನೂ ಕಿತ್ತೆಸೆಯುವವರನ್ನು ಬಹಳ ಕಂಡಿದ್ದೇನೆ.

ಮೊದಲು 400. ಸಾಕೆಟ್.ಐಒ ಸಾಮಾನ್ಯವಾಗಿ ನೇರವಾಗಿ, ಸದಾ ತೆರೆದಿರುವ ಸಂಪರ್ಕವಾದ ವೆಬ್‌ಸಾಕೆಟ್ ತೆರೆಯುವುದಿಲ್ಲ. ಹೊಸತೇನಿದೆಯೆಂದು ಸರ್ವರನ್ನು ಮತ್ತೆ ಮತ್ತೆ ಕೇಳುವ ಮಾಮೂಲಿ ಎಚ್‌ಟಿಟಿಪಿ ಪೋಲಿಂಗ್‌ನಿಂದ ಶುರುಮಾಡಿ, ಆಮೇಲೆ ವೆಬ್‌ಸಾಕೆಟ್‌ಗೆ ಏರುತ್ತದೆ. ಮೊದಲ ಕೋರಿಕೆಗೆ ಉತ್ತರವಾಗಿ ಒಂದು ಸೆಷನ್ ಐಡಿ ಸಿಗುತ್ತದೆ. ಅದರ ಗುರುತು ಇರುವುದು ಕೊಟ್ಟ ಪ್ರೊಸೆಸ್‌ಗೆ ಮಾತ್ರ. ಎರಡನೆಯ ಕೋರಿಕೆಯನ್ನು ಎನ್‌ಜಿನ್‌ಎಕ್ಸ್ ಪಕ್ಕದ ಪ್ರೊಸೆಸ್‌ಗೆ ಕಳಿಸಿದರೆ, ಅದು "ನೀನು ಯಾರು?" ಎನ್ನುತ್ತದೆ. ಒಬ್ಬ ಬಳಕೆದಾರರ ಕೋರಿಕೆಗಳೆಲ್ಲ ಒಂದೇ ಪ್ರೊಸೆಸ್‌ಗೆ ಹೋಗುವಂತೆ ಮಾಡಬೇಕು. ಬಳಕೆದಾರರ ಅಂತರ್ಜಾಲ ವಿಳಾಸ ನೋಡಿ ಪ್ರೊಸೆಸ್ ಆರಿಸುವ ಐಪಿ ಹ್ಯಾಶ್ ಒಂದೇ ಸಾಲಿನ ಕೆಲಸ. ಆದರೆ ಅದು ನಾಲ್ಕು ಭಾಗಗಳ ಐಪಿವಿ4 ವಿಳಾಸದ ಮೊದಲ ಮೂರು ಭಾಗಗಳನ್ನಷ್ಟೇ ನೋಡುತ್ತದೆ. ಒಂದೇ ಮೊಬೈಲ್ ಕಂಪನಿಯ ಸಾವಿರಾರು ಗ್ರಾಹಕರು ಕೆಲವೇ ವಿಳಾಸಗಳಿಂದ ಬರುವುದರಿಂದ ಒಂದೇ ಪ್ರೊಸೆಸ್ ಮೇಲೆ ಜಾತ್ರೆ ನೆರೆಯಬಹುದು. ನಾನಾಗಿದ್ದರೆ ಪೋಲಿಂಗ್ ಬಿಟ್ಟು ವೆಬ್‌ಸಾಕೆಟ್ ಒಂದನ್ನೇ ಇಟ್ಟುಕೊಳ್ಳುತ್ತೇನೆ. ಆಗ ಈ ಗೋಜಲೇ ಇಲ್ಲ. ವೆಬ್‌ಸಾಕೆಟ್ ತಡೆಯುವ ಕಚೇರಿ ಜಾಲಗಳಲ್ಲಿರುವವರು ಮಾತ್ರ ಹೊರಗುಳಿಯುತ್ತಾರೆ.

ಎರಡನೆಯದು ಸುಲಭ. ಪ್ರತಿ ಪ್ರೊಸೆಸ್ ತನಗೆ ಅಂಟಿಕೊಂಡವರಿಗಷ್ಟೇ ಸಂದೇಶ ಕಳಿಸುತ್ತದೆ. ಪ್ರೊಸೆಸ್‌ಗಳ ನಡುವೆ ರೆಡಿಸ್ ಎಂಬ ದತ್ತಾಂಶ ಸರ್ವರ್ ಮೂಲಕ ಸಂದೇಶ ಸಾಗಿಸುವ ರೆಡಿಸ್ ಅಡಾಪ್ಟರ್ ಹಾಕಿದರೆ ನಾಲ್ಕೂ ಪರಸ್ಪರ ಮಾತಾಡುತ್ತವೆ.

ನೀವು ಕೇಳದ ಒಂದು ಮಾತು. ಲಿಫ್ಟ್‌ನಲ್ಲಿ ಸಿಗ್ನಲ್ ಹೋದವರಿಗೆ ಆ ಹೊತ್ತಿನ ಸಂದೇಶಗಳು ತಪ್ಪುತ್ತವೆ. ಸರ್ವರ್ ತಾನಾಗಿ ಕೂಡಿಡುವುದಿಲ್ಲ. ಸಾಕೆಟ್.ಐಒದ 2023ರ 4.6 ಆವೃತ್ತಿಯಲ್ಲಿ ಕಡಿದ ಸಂಪರ್ಕವನ್ನು ಮರಳಿ ಜೋಡಿಸುವ ಸೌಲಭ್ಯ ಬಂದಿದೆ, ಆದರೆ ರೆಡಿಸ್‌ನ ಸಾಮಾನ್ಯ ಪಬ್-ಸಬ್ (ಸಂದೇಶವನ್ನು ಆ ಕ್ಷಣಕ್ಕೆ ಸಾರಿ, ಕೂಡಿಡದ) ಅಡಾಪ್ಟರ್ ಜೊತೆ ಅದು ನಡೆಯುವುದಿಲ್ಲ. ಹಣದ ವಿಷಯವಾದ್ದರಿಂದ ಅದನ್ನು ನೆಚ್ಚದೆ, ಪ್ರತಿ ಕೂಗಿಗೂ ಡೇಟಾಬೇಸ್‌ನಲ್ಲಿ ಕ್ರಮಸಂಖ್ಯೆ ಕೊಡಿ. ಮರಳಿ ಬಂದವರು ತಾವು ಕಂಡ ಕೊನೆಯ ಸಂಖ್ಯೆ ಹೇಳಿದರೆ ಉಳಿದದ್ದನ್ನು ಕಳಿಸಿದರಾಯಿತು.

ಹಾಗೆಯೇ, ಈಗಿನ ಗರಿಷ್ಠ ಬೆಲೆಯನ್ನು ಪ್ರೋಗ್ರಾಮಿನ ವೇರಿಯಬಲ್‌ನಲ್ಲಿ ಇಟ್ಟಿದ್ದರೆ ಇಂದೇ ಡೇಟಾಬೇಸ್‌ಗೆ ಸಾಗಿಸಿ. ಇಲ್ಲವಾದರೆ ನಾಲ್ಕು ಪ್ರೊಸೆಸ್‌ಗಳು ಒಂದೇ ವಸ್ತುವನ್ನು ನಾಲ್ವರಿಗೆ ಮಾರಿಯಾವು.