ಟೆಕ್ಸಸ್‌ನಲ್ಲಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಿದ್ದೇನೆ. ಕಡಿಮೆ ಖರ್ಚಿನ ಆನ್‌ಲೈನ್ ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್ ಡಿಗ್ರಿ) ಯಾವುದು?

ಬೆಂಗಳೂರಿನಲ್ಲಿ ಬಿ.ಎಸ್‌ಸಿ. ನರ್ಸಿಂಗ್ ಮಾಡಿ, ಗ್ರೀನ್ ಕಾರ್ಡ್ ಮೇಲೆ ಡಲ್ಲಾಸ್‌ಗೆ ಬಂದಿದ್ದೀರಿ. ನೈಟ್ ಡ್ಯೂಟಿ, ಮನೆಯಲ್ಲಿ ಚಿಕ್ಕ ಮಗು. ಕ್ಯಾಂಪಸ್‌ಗೆ ಹೋಗಿ ಓದಲು ಆಗುವುದಿಲ್ಲ, ದೊಡ್ಡ ಸಾಲವೂ ಬೇಡ. ಊರಲ್ಲಿರುವ ತಂಗಿಯೂ ಇದೇ ಕೋರ್ಸನ್ನು ಅಲ್ಲಿಂದಲೇ ಮಾಡಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ನಾನು ಹ್ಯೂಸ್ಟನ್‌ನಲ್ಲಿ ಬೆಡ್‌ಸೈಡ್ ಕೆಲಸ ಮಾಡಿಕೊಂಡೇ ಆನ್‌ಲೈನ್‌ನಲ್ಲಿ ಎಂಎಸ್‌ಎನ್ ಮುಗಿಸಿದವಳು. ಹಾಗಾಗಿ ಗೊತ್ತಿರುವುದನ್ನು ಬರೆಯುತ್ತೇನೆ.

ನಿಮ್ಮ ಪ್ರಶ್ನೆಯಲ್ಲಿ ಒಂದು ಮಾತು ಕಾಣಲಿಲ್ಲ. ಎಂಎಸ್‌ಎನ್ ಆದಮೇಲೆ ಏನಾಗಬೇಕು ಅಂತಿದ್ದೀರಿ? ಅದು ಗೊತ್ತಿಲ್ಲದೆ ಯಾವುದು ಅಗ್ಗ ಅಂತ ಹೇಳುವುದು ಕಷ್ಟ. ಲೀಡರ್‌ಶಿಪ್, ಎಜುಕೇಷನ್, ಇನ್‌ಫರ್ಮ್ಯಾಟಿಕ್ಸ್ ಇವೆಲ್ಲ ಒಂದು ಗುಂಪು. ಸಾಮಾನ್ಯವಾಗಿ ಮೂವತ್ತರಿಂದ ಮೂವತ್ತಾರು ಕ್ರೆಡಿಟ್. ಪ್ರಾಕ್ಟಿಕಮ್ (ಪ್ರಾಯೋಗಿಕ ತರಬೇತಿ) ಇದ್ದರೂ ಹೆಚ್ಚಿನವರು ತಮ್ಮ ಆಸ್ಪತ್ರೆಯಲ್ಲೇ ಮ್ಯಾನೇಜರನ್ನೋ ಎಜುಕೇಟರನ್ನೋ ಹಿಡಿದು ಮುಗಿಸುತ್ತಾರೆ. ನರ್ಸ್ ಪ್ರಾಕ್ಟೀಷನರ್ (ಎನ್‌ಪಿ, ಅಂದರೆ ರೋಗಿಗಳನ್ನು ಪರೀಕ್ಷಿಸಿ ಔಷಧಿ ಬರೆದುಕೊಡುವ ನರ್ಸ್) ಆಗಬೇಕು ಅಂದರೆ ಅದು ಬೇರೆಯೇ ಲೋಕ. ಕ್ರೆಡಿಟ್ ಜಾಸ್ತಿ. 2022ರಲ್ಲಿ ಬಂದ ರಾಷ್ಟ್ರೀಯ ಮಾನದಂಡದ ಪ್ರಕಾರ ರೋಗಿಗಳನ್ನು ನೇರವಾಗಿ ನೋಡುವ ಕ್ಲಿನಿಕಲ್ ಕನಿಷ್ಠ 750 ಗಂಟೆ. ಮೊದಲು ಅದು 500 ಇತ್ತು.

ಆ 750 ಗಂಟೆ ಆನ್‌ಲೈನ್‌ನಲ್ಲಿ ನಡೆಯುವುದಿಲ್ಲ, ಅಲ್ವಾ? ನಿಮ್ಮ ಊರಿನ ಯಾವುದೋ ಕ್ಲಿನಿಕ್‌ನಲ್ಲಿ ಒಬ್ಬ ಡಾಕ್ಟರ್ ಅಥವಾ ಎನ್‌ಪಿ ಪಕ್ಕ ನಿಂತು ಮಾಡಬೇಕು. ಅವರನ್ನು ಪ್ರಿಸೆಪ್ಟರ್ ಅನ್ನುತ್ತಾರೆ. ನಿಜವಾದ ತಲೆನೋವು ಇರುವುದು ಇಲ್ಲೇ. ಕೆಲವು ಕಾಲೇಜುಗಳು ತಾವೇ ಜಾಗ ಹುಡುಕಿ ಕೊಡುತ್ತವೆ. ಬಹಳಷ್ಟು ಆನ್‌ಲೈನ್ ಕಾಲೇಜುಗಳು "ನೀವೇ ಹುಡುಕಿಕೊಳ್ಳಿ" ಅಂತ ಕೈತೊಳೆದುಕೊಳ್ಳುತ್ತವೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬರು ಎಫ್‌ಎನ್‌ಪಿ (ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್) ಕೋರ್ಸು ಸೇರಿದ್ದರು. ಮಹಿಳೆಯರ ಆರೋಗ್ಯ ಮತ್ತು ಮಕ್ಕಳ ರೊಟೇಷನ್‌ಗೆ ಜಾಗ ಸಿಗದೆ ಒಂದು ಸೆಮಿಸ್ಟರ್ ಸುಮ್ನೆ ಕೂರಬೇಕಾಯಿತು. ಕೊನೆಗೆ ಪ್ರಿಸೆಪ್ಟರ್ ಹುಡುಕಿಕೊಡುವ ಕಂಪನಿಯೊಂದಕ್ಕೆ ಸಾವಿರಾರು ಡಾಲರ್ ಕೊಟ್ಟರು. ಕಡಿಮೆ ಫೀಸು ಅಂತ ಸೇರಿದ್ದ ಕೋರ್ಸು ಅದು! ಆದ್ದರಿಂದ ಎನ್‌ಪಿ ಮಾಡುವುದಾದರೆ ಫೀಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ: ಪ್ರಿಸೆಪ್ಟರನ್ನು ಯಾರು ಹುಡುಕುತ್ತಾರೆ, ಸಿಗದಿದ್ದರೆ ಏನು ಮಾಡುತ್ತೀರಿ? ಉತ್ತರವನ್ನು ಫೋನಿನಲ್ಲಿ ಕೇಳಿ ಬಿಡಬೇಡಿ, ಇಮೇಲ್‌ನಲ್ಲಿ ತೆಗೆದುಕೊಳ್ಳಿ. "ನಾವು ಸಹಾಯ ಮಾಡುತ್ತೇವೆ" ಅನ್ನುವುದಕ್ಕೂ "ನಾವೇ ಕೊಡಿಸುತ್ತೇವೆ" ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಇನ್ನು ದುಡ್ಡಿನ ಲೆಕ್ಕ. ಜಾಹೀರಾತಿನಲ್ಲಿ ಕಾಣುವುದು ಕ್ರೆಡಿಟ್‌ಗೆ ಇಷ್ಟು ಅಂತ. ಮದುವೆ ಅಡುಗೆಯವರು ಎಲೆಗೆ ಇಷ್ಟು ಅಂತ ರೇಟ್ ಹೇಳಿದ ಹಾಗೆ. ಒಟ್ಟು ಬಿಲ್ ಬೇರೆಯೇ ಇರುತ್ತದೆ. ಕ್ರೆಡಿಟ್‌ಗೆ 450 ಡಾಲರಿನ 48 ಕ್ರೆಡಿಟ್ ಕೋರ್ಸು 21,600 ಆಗುತ್ತದೆ. 600 ಡಾಲರಿನ 30 ಕ್ರೆಡಿಟ್ ಕೋರ್ಸು 18,000ಕ್ಕೆ ಮುಗಿಯುತ್ತದೆ. ಇದರ ಮೇಲೆ ಟೆಕ್ನಾಲಜಿ ಫೀ, ಕ್ಲಿನಿಕಲ್ ಗಂಟೆ ದಾಖಲಿಸುವ ಸಾಫ್ಟ್‌ವೇರ್, ಬ್ಯಾಕ್‌ಗ್ರೌಂಡ್ ಚೆಕ್ ಇರುತ್ತವೆ. ಎನ್‌ಪಿ ಕೋರ್ಸುಗಳಲ್ಲಿ ಕೆಲವು ದಿನ ಕ್ಯಾಂಪಸ್‌ಗೆ ಬನ್ನಿ ಅಂತಲೂ ಕರೆಯುತ್ತಾರೆ. ವಿಮಾನ, ಹೋಟೆಲ್, ಹೋಗದ ಡ್ಯೂಟಿಯ ಸಂಬಳ ಎಲ್ಲ ನಿಮ್ಮದೇ. ಮೊದಲ ಕ್ಲಾಸಿನಿಂದ ಡಿಗ್ರಿ ಕೈಗೆ ಬರುವವರೆಗೆ ಒಟ್ಟು ಎಷ್ಟು ಅಂತ ಕೇಳಿ. ಅದಕ್ಕೆ ನೇರ ಉತ್ತರ ಕೊಡದೆ "ಈ ವಾರವೇ ಸೇರಿದರೆ ರಿಯಾಯಿತಿ" ಅನ್ನುವ ಕಡೆ ನಾನಂತೂ ಸೇರುವುದಿಲ್ಲ.

ಹೆಸರು ಬೇಕು ಅಂದರೆ, ನಿಮ್ಮಂಥವರು ಮೊದಲು ನೋಡಬೇಕಾದ್ದು ಎರಡು ಕಡೆ. ಒಂದು, ನಿಮ್ಮದೇ ಸ್ಟೇಟಿನ ಪಬ್ಲಿಕ್ ಯೂನಿವರ್ಸಿಟಿಗಳು. ಡಲ್ಲಾಸ್ ಪಕ್ಕದ ಆರ್ಲಿಂಗ್ಟನ್‌ನಲ್ಲಿರುವ ಯೂನಿವರ್ಸಿಟಿ ಆಫ್ ಟೆಕ್ಸಸ್ ಆನ್‌ಲೈನ್ ನರ್ಸಿಂಗ್‌ಗೆ ಹೆಸರುವಾಸಿ. ಎರಡನೆಯದು ಡಬ್ಲ್ಯುಜಿಯು, ಅಂದರೆ ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿ. 1997ರಲ್ಲಿ ಪಶ್ಚಿಮದ ಸ್ಟೇಟುಗಳ ಗವರ್ನರ್‌ಗಳು ಸೇರಿ ಕಟ್ಟಿದ್ದು, ಲಾಭಕ್ಕಾಗಿ ನಡೆಸುವ ಸಂಸ್ಥೆ ಅಲ್ಲ. ಅಲ್ಲಿ ಕ್ರೆಡಿಟ್ ಲೆಕ್ಕ ಇಲ್ಲ, ಆರು ತಿಂಗಳ ಟರ್ಮ್‌ಗೆ ಇಷ್ಟು ಅಂತ ಕಟ್ಟಬೇಕು. ಆ ಅವಧಿಯಲ್ಲಿ ಎಷ್ಟು ಕೋರ್ಸ್ ಮುಗಿಸಿದರೂ ಅದೇ ಫೀಸು. ಬೇಗ ಓದುವವರಿಗೆ ಲಾಭ. ಆದರೆ ಮಗು, ನೈಟ್ ಡ್ಯೂಟಿ ಅಂತ ಎಳೆದುಕೊಂಡು ಹೋದರೆ ಪ್ರತಿ ಟರ್ಮ್‌ಗೂ ಹೊಸದಾಗಿ ಕಟ್ಟುತ್ತಾ ಹೋಗುತ್ತೀರಿ. ಗ್ರೇಡ್ ಕೂಡ ಎ, ಬಿ ಅಂತ ಇರುವುದಿಲ್ಲ, ಪಾಸ್ ಅಷ್ಟೇ. ಮುಂದೆ ಪಿಎಚ್‌ಡಿ ಮಾಡುವ ಆಸೆ ಇದ್ದರೆ ಸೇರಬೇಕೆಂದಿರುವ ಕಡೆ ಇದು ನಡೆಯುತ್ತದಾ ಅಂತ ಈಗಲೇ ವಿಚಾರಿಸಿ.

ಮಾನ್ಯತೆ ವಿಷಯದಲ್ಲಿ ರಾಜಿ ಬೇಡ. ನರ್ಸಿಂಗ್ ಕೋರ್ಸ್‌ಗೆ ಸಿಸಿಎನ್‌ಇ, ಎಸಿಇಎನ್, ಎನ್‌ಎಲ್‌ಎನ್ ಸಿಎನ್‌ಇಎ ಈ ಮೂರರಲ್ಲಿ ಒಂದರ ಮಾನ್ಯತೆ ಇರಬೇಕು. ಕಾಲೇಜಿನ ಜಾಲತಾಣವನ್ನು ನಂಬಬೇಡಿ, ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ಹುಡುಕಿ. ಜೊತೆಗೆ, ಬೇರೆ ಸ್ಟೇಟಿನ ಕಾಲೇಜಾದರೆ ಆ ಕೋರ್ಸಿನಿಂದ ಟೆಕ್ಸಸ್‌ನಲ್ಲಿ ಲೈಸೆನ್ಸ್ ಸಿಗುತ್ತದಾ ಅಂತ ನೋಡಿ. ಎನ್‌ಪಿ ಆಗುವವರಿಗೆ ಇದು ತುಂಬಾ ಮುಖ್ಯ. ಯಾವ ಸ್ಟೇಟಿಗೆ ನಡೆಯುತ್ತದೆ, ಯಾವುದಕ್ಕೆ ಇಲ್ಲ ಅನ್ನುವ ಪಟ್ಟಿಯನ್ನು ಕಾಲೇಜುಗಳು ಹಾಕಿರುತ್ತವೆ, 'ಲೈಸೆನ್ಶರ್ ಡಿಸ್‌ಕ್ಲೋಷರ್' ಅಂತ ಹುಡುಕಿದರೆ ಸಿಗುತ್ತದೆ. ಮುಂದೆ ಗಂಡನ ಕೆಲಸಕ್ಕಾಗಿ ಕ್ಯಾಲಿಫೋರ್ನಿಯಾಗೆ ಹೋಗುವ ಯೋಚನೆ ಇದ್ದರೆ ಪಟ್ಟಿಯಲ್ಲಿ ಆ ಸ್ಟೇಟಿನ ವಿವರವನ್ನೂ ಓದಿಕೊಳ್ಳಿ.

ಸಾಲ ಬೇಡ ಅಂದಿರಲ್ಲ, ಅದಕ್ಕೆ ಒಂದು ಒಳ್ಳೆ ದಾರಿ ಇದೆ. ನಿಮ್ಮ ಆಸ್ಪತ್ರೆಯ ಎಚ್‌ಆರ್‌ನಲ್ಲಿ ಟ್ಯೂಷನ್ ಅಸಿಸ್ಟೆನ್ಸ್ ಕೇಳಿ. ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ನಿಮಗೆ ತೆರಿಗೆ ಬೀಳುವುದಿಲ್ಲ, ಹಾಗಾಗಿ ಬಹಳ ಆಸ್ಪತ್ರೆಗಳು ಅಲ್ಲಿಗೇ ನಿಲ್ಲಿಸುತ್ತವೆ. ಈ ಲೆಕ್ಕ ಜನವರಿಯಿಂದ ಡಿಸೆಂಬರ್. ಎರಡು ವರ್ಷದ ಕೋರ್ಸನ್ನು ಆಗಸ್ಟ್‌ನಲ್ಲಿ ಶುರು ಮಾಡಿದರೆ ಮೂರು ಕ್ಯಾಲೆಂಡರ್ ವರ್ಷ ಮುಟ್ಟುತ್ತದೆ. ಪೂರ್ತಿ ಸಿಕ್ಕರೆ 15,750 ಡಾಲರ್! ಆದರೆ ನೀವು ಏಜೆನ್ಸಿ ಕಾಂಟ್ರಾಕ್ಟ್ ಮೇಲೆ ಬಂದವರಾದರೆ ಆಸ್ಪತ್ರೆಯ ಈ ಸೌಲಭ್ಯ ನಿಮಗೆ ಇರದೇ ಇರಬಹುದು. ಕಾಂಟ್ರಾಕ್ಟ್ ಮುಗಿಯಲು ಸ್ವಲ್ಪವೇ ಉಳಿದಿದ್ದರೆ ಕಾಯುವುದೇ ಜಾಣತನ. ದುಡ್ಡು ತೆಗೆದುಕೊಂಡ ಮೇಲೆ ಎಷ್ಟು ಕಾಲ ಅಲ್ಲೇ ಕೆಲಸ ಮಾಡಬೇಕು ಅನ್ನುವ ಷರತ್ತನ್ನೂ ಓದಿ.

ಸಾಲ ಬೇಕಾಗಿಯೇ ಬಂದರೆ ಗ್ರೀನ್ ಕಾರ್ಡ್ ಇರುವುದರಿಂದ ಫೆಡರಲ್ ಸಾಲಕ್ಕೆ ಅರ್ಜಿ ಹಾಕಬಹುದು. ಎಚ್‌1ಬಿಯವರಿಗೆ ಅದಿಲ್ಲ. 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ (ಕೋರ್ಸಿನ ಪೂರ್ತಿ ಖರ್ಚಿನವರೆಗೆ ಸಿಗುತ್ತಿದ್ದ ಫೆಡರಲ್ ಸಾಲ) ಇಲ್ಲ. ಸಾಮಾನ್ಯ ಗ್ರಾಜುಯೇಟ್ ಕೋರ್ಸ್‌ಗೆ ವರ್ಷಕ್ಕೆ 20,500 ಡಾಲರ್, ಒಟ್ಟು ಒಂದು ಲಕ್ಷ ಡಾಲರ್ ಮಿತಿ. ನಾನು ಹೇಳಿದಂಥ ಕೋರ್ಸ್ ಆರಿಸಿಕೊಂಡರೆ ಆ ಮಿತಿಯ ಹತ್ತಿರವೂ ಹೋಗಬೇಕಿಲ್ಲ.

ಒಂದು ಕೆಲಸ ಇವತ್ತೇ ಶುರು ಮಾಡಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಟ್ರಾನ್‌ಸ್ಕ್ರಿಪ್ಟ್ ತರಿಸಿ ಮೌಲ್ಯಮಾಪನ ಮಾಡಿಸುವುದಕ್ಕೆ ಸಮಯ ಹಿಡಿಯುತ್ತದೆ. ಈ ಮೌಲ್ಯಮಾಪನ ಮಾಡುವ ಸಂಸ್ಥೆಗಳಲ್ಲಿ ಕಾಲೇಜು ಡಬ್ಲ್ಯುಇಎಸ್ ಕೇಳುತ್ತದೋ ಸಿಜಿಎಫ್‌ಎನ್‌ಎಸ್ (ಈಗಿನ ಹೆಸರು ಟ್ರುಮೆರಿಟ್) ಕೇಳುತ್ತದೋ ನೋಡಿಕೊಂಡೇ ದುಡ್ಡು ಕಟ್ಟಿ. ಎರಡೆರಡು ಸಲ ಕಟ್ಟಿದವರನ್ನು ನೋಡಿದ್ದೇನೆ. ಸ್ಟ್ಯಾಟಿಸ್ಟಿಕ್ಸ್ ಕೋರ್ಸ್ ಹಳೆಯದಾಯಿತು, ಮತ್ತೆ ಮಾಡಿ ಅಂದರೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿ, ಅಲ್ಲಿ ಅಗ್ಗ.

ಇನ್ನು ನಿಮ್ಮ ತಂಗಿ. ಅವರಿಗೆ ಈ ದಾರಿ ಬೇಡ. ಭಾರತದಲ್ಲಿ ನರ್ಸಿಂಗ್ ಡಿಗ್ರಿಯನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ನಡೆಸಲು ಯುಜಿಸಿಯ 2020ರ ನಿಯಮ ಬಿಡುವುದಿಲ್ಲ. ಇಗ್ನೋ ನಡೆಸಿಕೊಂಡು ಬಂದದ್ದು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಆದವರಿಗೆ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ., ಎಂ.ಎಸ್‌ಸಿ. ಅಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ಪ್ರಕಾರ ಎಂ.ಎಸ್‌ಸಿ. ನರ್ಸಿಂಗ್ ಎರಡು ವರ್ಷದ ರೆಗ್ಯುಲರ್ ಕೋರ್ಸು. ಬಿ.ಎಸ್‌ಸಿ.ಯಲ್ಲಿ ಶೇ. 55 ಅಂಕ, ಒಂದು ವರ್ಷದ ಅನುಭವ ಬೇಕು. ವಾಟ್ಸಾಪ್‌ನಲ್ಲಿ "ಮನೆಯಲ್ಲೇ ಕೂತು ಎಂ.ಎಸ್‌ಸಿ. ನರ್ಸಿಂಗ್" ಅಂತ ಬಂದರೆ ದುಡ್ಡು ಕಟ್ಟಬೇಡಿ ಅನ್ನಿ. ಅವರು ಊರಲ್ಲೇ ಕಾಲೇಜಿನಲ್ಲಿ ಪಾಠ ಮಾಡುವ ಆಸೆ ಇಟ್ಟುಕೊಂಡಿದ್ದರೆ ಅಲ್ಲೇ ರೆಗ್ಯುಲರ್ ಸೀಟು ಹುಡುಕಲಿ. ಇಲ್ಲಿಗೆ ಬರುವ ಆಸೆ ಇದ್ದರೆ ಮೊದಲು ಎನ್‌ಕ್ಲೆಕ್ಸ್ (ಅಮೆರಿಕದ ನರ್ಸ್ ಲೈಸೆನ್ಸ್ ಪರೀಕ್ಷೆ) ಬರೆಯಲಿ, ಎಂಎಸ್‌ಎನ್ ವಿಷಯ ಬಂದ ಮೇಲೆ ನೋಡಿಕೊಳ್ಳಬಹುದು.

ನಿಮಗೆ ಎನ್‌ಪಿ ಆಗಬೇಕಾ, ಬೇರೆ ಏನಾದರೂ ಬೇಕಾ ಅಂತ ಕಾಮೆಂಟ್‌ನಲ್ಲಿ ಹೇಳಿ.